ಹುಳು ಮನೆಯ ಊದುಬತ್ತಿ

ಅಪ್ಪ ಹೋದ ಮೇಲೆ ಎರಡು ವರ್ಷ ನಮ್ಮ ಮನೆಯಲ್ಲಿ ಊದುಬತ್ತಿ ಹಚ್ಚಲಿಲ್ಲ. ಹುಳು ಇವೆ, ಹೊಗೆ ಆಗಲ್ಲ ಎಂಬುದು ಅಮ್ಮ ಕೊಡುತ್ತಿದ್ದ ಕಾರಣ.

ರೇಷ್ಮೆ ಹುಳು ಸಾಕುವ ಮನೆಗಳಲ್ಲಿ ಈ ಕಾರಣಕ್ಕೆ ಯಾರೂ ಎದುರಾಡುವುದಿಲ್ಲ. ನಾನು ಚಿಕ್ಕವಳಿದ್ದಾಗ ಹುಳುವಿನ ತಟ್ಟೆಗಳು ಪಡಸಾಲೆಯಲ್ಲೇ ಇರುತ್ತಿದ್ದವು. ಅವು ಮನೆಯೊಳಗೆ ಇರುವಷ್ಟು ದಿನ ಅಮ್ಮ ಮಲ್ಲಿಗೆ ಮುಡಿಯುತ್ತಿರಲಿಲ್ಲ, ಮೆಣಸಿನಕಾಯಿ ಒಗ್ಗರಣೆ ಹಾಕುತ್ತಿರಲಿಲ್ಲ. ನಾನು ಮುಖಕ್ಕೆ ಪೌಡರ್ ಹಚ್ಚಿಕೊಂಡರೆ ಹಿತ್ತಲ ಬಾಗಿಲಿಂದ ಶಾಲೆಗೆ ಹೋಗಬೇಕಿತ್ತು. ಅಪ್ಪ ಮೊದಲ ಸಲ ಹುಳುವಿನ ಮೊಟ್ಟೆ ತಂದ ದಿನವೇ ಬೀಡಿ ಬಿಟ್ಟರಂತೆ. ಆಮೇಲೆ ಬೀಡಿ ಸೇದಿದ ಕೈಯವರು ಯಾರೇ ಬರಲಿ, ಅವರ ಜೊತೆ ಜಗಲಿಯಲ್ಲೇ ನಿಂತು ಮಾತಾಡಿ ಕಳಿಸುತ್ತಿದ್ದರು. ದೇವರ ಪಟಗಳ ಮುಂದೆ ಎಣ್ಣೆದೀಪ ಮಾತ್ರ. ಗೂಡು ಬಿಡಿಸಿ ಮಾರ್ಕೆಟ್‌ಗೆ ಕಳಿಸಿ, ಮನೆಯೆಲ್ಲ ತೊಳೆದು, ಮುಂದಿನ ಮೊಟ್ಟೆ ಬರುವವರೆಗೆ ಸಿಗುವ ಬಿಡುವಿನಲ್ಲಿ ಅಮ್ಮ ಒಂದೇ ಸಲಕ್ಕೆ ನಾಲ್ಕೈದು ಊದುಬತ್ತಿ ಹಚ್ಚುತ್ತಿದ್ದಳು, ಹಸಿದು ಬಂದವರಿಗೆ ಬಡಿಸುವ ಹಾಗೆ.

ನಾನು ಎಂ.ಎಸ್ಸಿ. ಮುಗಿಸುವ ಹೊತ್ತಿಗೆ ಅಪ್ಪ ಹುಳುವಿಗೆಂದೇ ತೋಟದಲ್ಲಿ ಬೇರೆ ಶೆಡ್ ಕಟ್ಟಿಸಿದರು. ನಮ್ಮೂರು ಮುಳಬಾಗಿಲು ತಾಲ್ಲೂಕಿನ ಬೈರಕೂರಿನ ಹತ್ತಿರ. ಮನೆಗೂ ಶೆಡ್ಡಿಗೂ ನಡುವೆ ಎರಡು ಸಾಲು ಮಾವಿನ ಮರಗಳಿವೆ, ಒಂದು ನೀರಿನ ತೊಟ್ಟಿ ಇದೆ. ಅಲ್ಲಿಂದಾಚೆಗೆ ಅಮ್ಮ ಧೈರ್ಯವಾಗಿ ಒಗ್ಗರಣೆ ಹಾಕಿದಳು, ಶುಕ್ರವಾರ ಮಲ್ಲಿಗೆ ಮುಡಿದಳು, ದಿನಾ ಊದುಬತ್ತಿ ಹಚ್ಚಿದಳು. ಈ ಹೊಸ ಮನೆವಾಸನೆಗೆ ನಾವಿನ್ನೂ ಒಗ್ಗಿಕೊಳ್ಳುತ್ತಿದ್ದೆವು. ಆಗ ಅಪ್ಪ ಹೋದರು. ಎದೆನೋವು ಅಂದರು, ಕೋಲಾರದ ಆಸ್ಪತ್ರೆ ತಲುಪುವುದರೊಳಗೆ ಮುಗಿದಿತ್ತು.

ಅವತ್ತು ಶೆಡ್ಡಿನಲ್ಲಿ ಹುಳುಗಳು ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮೊದಲು ಅವು ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು ಅಲುಗಾಡದೆ ಕೂರುತ್ತವೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಪಡಸಾಲೆಯಲ್ಲಿ ಅಪ್ಪನನ್ನು ಮಲಗಿಸಿ, ದೊಡ್ಡಮ್ಮ ತಲೆದೆಸೆಗೆ ಊದುಬತ್ತಿ ಹಚ್ಚಿದರು. ಅದುವರೆಗೆ ಸುಮ್ಮನಿದ್ದ ಅಮ್ಮ ಮೊದಲ ಸಲ ಬಾಯಿ ಬಿಟ್ಟಳು.

“ಅಕ್ಕಾ, ಅದನ್ನ ಆಚೆ ತಗೊಂಡೋಗು. ಹುಳು ಇವೆ.”

“ಹುಳು ತೋಟದಲ್ಲಿವೆ ಕಣೇ.”

“ಆಚೆ ತಗೊಂಡೋಗು ಅಂದೆ.”

ಅಮ್ಮನೂ ದೊಡ್ಡಮ್ಮನೂ ಗೌನಿಪಲ್ಲಿಯ ಅಕ್ಕತಂಗಿಯರು, ಅಣ್ಣತಮ್ಮಂದಿರನ್ನು ಮದುವೆಯಾದವರು. ಅಕ್ಕ ತಂಗಿಯ ಮುಖ ನೋಡಿದರು, ಊದುಬತ್ತಿಯನ್ನು ಬಾಳೆಹಣ್ಣಿನ ಸಮೇತ ಎತ್ತಿಕೊಂಡು ಹೋಗಿ ಅಂಗಳದ ಕಲ್ಲಿಗೆ ಸಿಕ್ಕಿಸಿದರು. ಹನ್ನೊಂದನೇ ದಿನದ್ದೂ ಅಂಗಳದಲ್ಲೇ ಆಯಿತು. ವರ್ಷದ್ದೂ ಹಾಗೇ. ಅಪ್ಪನ ಫೋಟೋಗೆ ಗಂಧದ ಹಾರ ಬಂತು, ಅದರ ಮುಂದೆ ಹೊಗೆ ಮಾತ್ರ ಏಳಲಿಲ್ಲ. ಅಮ್ಮ ಬಿಡುವೇ ಕೊಡದೆ ಬೆಳೆಯ ಮೇಲೆ ಬೆಳೆ ತೆಗೆದಳು. ನಾನೂ ಏನೂ ಕೇಳಲಿಲ್ಲ. ಊದುಬತ್ತಿ ಹಚ್ಚಿದರೆ ಅಪ್ಪ ಆ ಪಟಗಳ ಸಾಲಿಗೆ ಸೇರಿಬಿಡುತ್ತಾರೆ ಎಂದು ಅವಳಿಗೆ ಅನ್ನಿಸುತ್ತಿದೆ ಎಂದು ನನಗೆ ಗೊತ್ತಿತ್ತು. ನನಗೂ ಹಾಗೇ ಅನ್ನಿಸುತ್ತಿತ್ತು.

ನಾನು ಮಾಲೂರಿನ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ವಾರವಿಡೀ ಇನ್ನಿಬ್ಬರ ಜೊತೆ ಒಂದೇ ಕೋಣೆ. ಶನಿವಾರ ಮಾಲೂರಿಂದ ಕೋಲಾರ, ಕೋಲಾರದಿಂದ ಮುಳಬಾಗಿಲು, ಅಲ್ಲಿಂದ ಊರು, ಎಲ್ಲ ತುಂಬಿದ ಬಸ್ಸು. ಮನೆಯಲ್ಲಿ ಅಮ್ಮನ ಎದುರು ಅಳುವ ಹಾಗಿರಲಿಲ್ಲ, ಅವಳು ನನ್ನ ಎದುರು ಅಳುತ್ತಿರಲಿಲ್ಲ. ಯಾರೂ ಏನೂ ಕೇಳದ ಒಂದು ಜಾಗದಲ್ಲಿ ಒಬ್ಬಳೇ ಸ್ವಲ್ಪ ದಿನ ನಡೆಯಬೇಕು ಅನ್ನಿಸಿತ್ತು. ಬೆಟ್ಟದ ದಾರಿಗಳನ್ನು ಹುಡುಕುತ್ತಿದ್ದಾಗ ವಿಯೆಟ್ನಾಮಿನ ಮಲೆಸೀಮೆಯ ಚಿತ್ರವೊಂದು ಕಂಡಿತು: ಇಳಿಜಾರಿನ ತುಂಬ ಹಿಪ್ಪುನೇರಳೆ ತೋಟ, ಹಿಂದೆ ಒಂದು ಬೌದ್ಧ ದೇವಾಲಯದ ಮೂಲೆಯೆತ್ತಿದ ಚಾವಣಿ. ಉಳಿದ ರಜೆಯನ್ನೆಲ್ಲ ಒಟ್ಟು ಮಾಡಿದೆ.

ಸುದ್ದಿ ತಿಳಿದ ದೊಡ್ಡಮ್ಮ ಕಾಫಿಯ ನೆಪದಲ್ಲಿ ಬಂದು ಕೂತರು.

“ದೇವಸ್ಥಾನ ನೋಡಕ್ಕೆ ಅಷ್ಟು ದೂರ ಯಾಕೆ? ಆವನಿ ಇಲ್ವಾ? ಬೆಟ್ಟನೂ ಇದೆ, ಗುಡೀನೂ ಇದೆ, ಊಟದ ಹೊತ್ತಿಗೆ ಮನೇಲಿರ್ತೀಯ.”

“ನೋಡಿದ್ದೀನಲ್ಲ ದೊಡ್ಡಮ್ಮ.”

“ಒಕ್ಕತ್ತೇನಾ?” ತವರಿನ ತೆಲುಗಿನಲ್ಲಿ ಕೇಳಿ, ಕನ್ನಡದಲ್ಲೂ ಕೇಳಿದರು. “ಒಬ್ಬಳೇನಾ?”

“ಹೂಂ.”

ದೊಡ್ಡಮ್ಮ ಅಮ್ಮನ ಕಡೆ ತಿರುಗಿದರು. “ಇವಳು ಬಾಯಿ ಬಿಡಲ್ಲ, ಅಲ್ಲಿಯವ್ರಿಗೆ ಇವಳ ಮಾತು ಬರಲ್ಲ. ಇವಳಿಗೇ ಹೇಳಿ ಮಾಡಿಸಿದ ದೇಶ ಬಿಡು.”

ಅಮ್ಮ ನಗಲಿಲ್ಲ. ಹೊರಡುವ ದಿನ ನನ್ನ ಬೆನ್ನುಚೀಲದ ಪಕ್ಕದ ಜೇಬಿಗೆ ಏನನ್ನೋ ತುರುಕಿದಳು. ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಊದುಬತ್ತಿ ಪೊಟ್ಟಣ. ಅಪ್ಪ ಹೋದ ದಿನ ದೊಡ್ಡಮ್ಮ ಒಡೆದದ್ದು. ಅದನ್ನು ಇಷ್ಟು ದಿನ ಎಲ್ಲಿಟ್ಟಿದ್ದಳೋ.

“ಅಲ್ಲಿ ಯಾವ್ದಾದ್ರೂ ಒಳ್ಳೇ ಗುಡೀಲಿ ನಿಮ್ಮಪ್ಪಂಗೆ ಒಂದು ಹಚ್ಚಿ ಬಾ. ಇಲ್ಲಿ ನನ್ನ ಕೈಲಿ ಆಗಲ್ಲ. ಹುಳು ಇವೆ.”

“ಆಯ್ತಮ್ಮ,” ಅಂದೆ.

ದಾ ಲಾತ್ ಊರಿಗೆ ಬಸ್ಸು ಬೆಟ್ಟ ಹತ್ತಿಕೊಂಡು ಹೋಯಿತು. ಇಳಿದಾಗ ಚಳಿ, ಸುತ್ತಲೂ ದೇವದಾರಿನಂಥ ಸೂಜಿ ಎಲೆಯ ಮರಗಳು. ದೂರದ ದೇಶಕ್ಕೆ ಬಂದಿದ್ದೇನೆ ಎಂದುಕೊಂಡು ಊರಾಚೆ ನಡೆದರೆ ಮಾಲೂರಿನ ಇಟ್ಟಿಗೆಗೂಡುಗಳ ಪಕ್ಕದ್ದೇ ಕೆಂಪು ಮಣ್ಣು, ಪಾಲಿಹೌಸುಗಳು, ಟೊಮೆಟೊ, ಎಲೆಕೋಸು. ಒಬ್ಬಳು ಹೆಂಗಸು ತೋಟದ ಬದಿಯಲ್ಲಿ ಕೊಳೆತ ಕೋಸಿನೆಲೆ ಕಿತ್ತೆಸೆಯುತ್ತಿದ್ದಳು. ನಾನು ನಿಂತು ನೋಡಿದೆ. ಇದರಲ್ಲಿ ನೋಡುವುದೇನಿದೆ ಎಂಬಂತೆ ಅವಳು ನನ್ನನ್ನು ನೋಡಿದಳು.

ಮೊದಲು ಹೋದ ದೇವಾಲಯದ ಕಂಬಗಳಿಗೆಲ್ಲ ಒಡೆದ ಪಿಂಗಾಣಿ ಮತ್ತು ಬಾಟಲಿ ಚೂರುಗಳನ್ನು ಅಂಟಿಸಿದ್ದರು. ಬಿಸಿಲು ಬಿದ್ದಾಗ ಕಂಬ ಮೀನಿನ ಮೈಯಂತೆ ಹೊಳೆಯುತ್ತಿತ್ತು. ಅಂಗಳದ ನಡುವೆ ಮರಳು ತುಂಬಿದ ದೊಡ್ಡ ಹಂಡೆ. ಜನ ಕೆಂಪು ಕಡ್ಡಿಯ ಊದುಬತ್ತಿಗಳನ್ನು ಹಣೆಗೊತ್ತಿಕೊಂಡು, ಬಗ್ಗಿ, ಮರಳಿಗೆ ಚುಚ್ಚುತ್ತಿದ್ದರು. ನಾನು ಪೊಟ್ಟಣ ತೆಗೆದೆ. ಅಷ್ಟರಲ್ಲಿ ಒಂದು ಬಸ್ಸಿನ ಜನ ಬಂದರು, ಗದ್ದಲವಾಯಿತು. ಮತ್ತೆ ಒಳಗಿಟ್ಟೆ. ಮರುದಿನ ಕೆರೆಯ ಮೇಲಿನ ಗುಡಿಯಲ್ಲಿ ಗಾಳಿ ಜೋರಾಗಿತ್ತು. ಆ ಕಾರಣವೂ ಸಾಕಾಯಿತು.

ಹೀಗೆ ನಡೆದುಕೊಂಡು, ಊರಿಂದೂರಿಗೆ ಬಸ್ಸು ಹಿಡಿದುಕೊಂಡು ದಕ್ಷಿಣಕ್ಕೆ ಬಂದೆ. ಬೆನ್ನ ಮೇಲಿನ ಚೀಲ ಮೊದಮೊದಲು ಭಾರವೆನ್ನಿಸಿ ಆಮೇಲೆ ಮರೆತುಹೋಯಿತು. ಪೊಟ್ಟಣ ಮರೆಯಲಿಲ್ಲ. ಬಾವೊ ಲೊಕ್ ಎಂಬ ಊರಿನ ಹತ್ತಿರ ಸನ್ಯಾಸಿನಿಯರ ಒಂದು ಸಣ್ಣ ಮಠ ಸಿಕ್ಕಿತು. ಬೂದುಬಣ್ಣದ ಬಟ್ಟೆಯ, ತಲೆ ಬೋಳಿಸಿದ ವಯಸ್ಸಾದವರೊಬ್ಬರು ಹೂವಿನ ಪಾತಿಯಲ್ಲಿ ಕಳೆ ಕೀಳುತ್ತಿದ್ದರು. ನನ್ನನ್ನು ಕಂಡು ನಲ್ಲಿ ತೋರಿಸಿದರು, ಕೈಕಾಲು ತೊಳೆದು ಬಂದ ಮೇಲೆ ಪುಟ್ಟ ಬಟ್ಟಲಲ್ಲಿ ಕಹಿ ಚಹಾ ಕೊಟ್ಟರು. ಒಳಗಿನಿಂದ ಮರದ ಬುರುಡೆಯಂಥದ್ದನ್ನು ಒಂದೇ ಹದದಲ್ಲಿ ಬಡಿಯುತ್ತ ಯಾರೋ ಓದಿಕೊಳ್ಳುವುದು ಕೇಳುತ್ತಿತ್ತು. ಗರ್ಭಗುಡಿಯಲ್ಲಿ ಬುದ್ಧ, ಮುಂದೆ ಮೂರು ಡ್ರ್ಯಾಗನ್ ಹಣ್ಣು, ಊದುಬತ್ತಿಯ ಬಟ್ಟಲು, ಪಕ್ಕದಲ್ಲೇ ಬೆಂಕಿಪೊಟ್ಟಣ. ಗಾಳಿ ಇಲ್ಲ, ಗದ್ದಲ ಇಲ್ಲ. ನಾನು ಬಯಸಿ ಬಂದದ್ದು ಇಂಥ ಜಾಗವನ್ನೇ.

ಒಂದು ಕಡ್ಡಿ ಕೈಗೆ ತೆಗೆದುಕೊಂಡು ನಿಂತೆ. ಆಮೇಲೆ, ಸಂಜೆ ಹುಳು ಮನೆಗೆ ಹೋಗಬೇಕಲ್ಲ, ಎಂದುಕೊಂಡು ಮತ್ತೆ ಪೊಟ್ಟಣಕ್ಕೆ ಸೇರಿಸಿದೆ. ಅವತ್ತು ಉಳಿಯಲು ಗೊತ್ತುಮಾಡಿದ್ದು ರೇಷ್ಮೆ ಬೆಳೆಯುವವರ ಮನೆಯಲ್ಲಿ, ಅದು ನಿಜ. ಆದರೆ ಆ ಮಾತು ಅಮ್ಮನದು ಎಂದು ಹೊಳೆದದ್ದು ಮಠದ ಮೆಟ್ಟಿಲಿಳಿದ ಮೇಲೆ.

ಆ ಮನೆ ಹಿಪ್ಪುನೇರಳೆ ತೋಟದ ನಡುವೆ ಇತ್ತು. ಯಜಮಾನಿಗೆ ಅಮ್ಮನಷ್ಟೇ ವಯಸ್ಸು. ಹೂವಿನ ಚಿತ್ರದ ಅಂಗಿ, ಅದೇ ಬಟ್ಟೆಯ ಪೈಜಾಮ, ತಲೆಗೆ ಹುಲ್ಲಿನ ಟೋಪಿ. ಪ್ರವಾಸಿಗಳಿಗೆ ಎರಡು ಕೋಣೆ ಬಿಟ್ಟಿದ್ದರು. ಬಂದವರಿಗೆಲ್ಲ ಮೊದಲು ಹುಳು ತೋರಿಸುವುದು ಅವರ ಪದ್ಧತಿ. ನನ್ನ ಚೀಲ ಇಳಿಸಿ, ಕೈಹಿಡಿದು ಹಿತ್ತಲ ಶೆಡ್ಡಿನ ಬಾಗಿಲವರೆಗೆ ಕರೆದುಕೊಂಡು ಹೋದರು. ಬಾಗಿಲು ತೆಗೆದ ಕೂಡಲೇ ಸೊಪ್ಪು, ಸುಣ್ಣ, ಹಿಕ್ಕೆ ಬೆರೆತ ಆ ವಾಸನೆ ಮುಖಕ್ಕೆ ಬಡಿಯಿತು. ಕಣ್ಣು ಮುಚ್ಚಿದ್ದರೆ ನಮ್ಮ ಪಡಸಾಲೆಯೇ.

ಒಳಗೆ ಬಾ ಎಂದು ಸನ್ನೆ ಮಾಡಿದರು. ನನ್ನ ಕಾಲು ಹೊಸ್ತಿಲಲ್ಲೇ ನಿಂತುಬಿಟ್ಟಿತು. ಮಠದಲ್ಲಿ ಅಷ್ಟು ಹೊತ್ತು ಕೂತಿದ್ದೆ. ನಾನು ಹಚ್ಚದಿದ್ದರೂ ಬೇರೆಯವರು ಹಚ್ಚಿದ್ದರ ಹೊಗೆ ಬಟ್ಟೆಯಲ್ಲಿತ್ತು, ಕೂದಲಲ್ಲಿತ್ತು. ಬೇಡ ಎಂದು ತಲೆಯಾಡಿಸಿದೆ. ಹುಳು ಕಂಡರೆ ಅಸಹ್ಯಪಡುವವಳು ಎಂದುಕೊಂಡರೇನೋ, ಅವರ ಮುಖ ಸ್ವಲ್ಪ ಸಪ್ಪಗಾಯಿತು. ತಮ್ಮ ಫೋನು ತೆಗೆದು ನನ್ನ ಬಾಯಿಯ ಹತ್ತಿರ ಹಿಡಿದರು. ಮಾತನ್ನು ಆ ಭಾಷೆಯಿಂದ ಈ ಭಾಷೆಗೆ ತಿರುಗಿಸುವ ಸೌಲಭ್ಯ ಅದರಲ್ಲಿತ್ತು. ಕನ್ನಡವನ್ನು ಹುಡುಕಿ ಒತ್ತಿ, ನಿಧಾನವಾಗಿ ಹೇಳಿದೆ: “ನಾನು ದೇವಸ್ಥಾನದಿಂದ ಬಂದಿದ್ದೇನೆ. ಮೈಮೇಲೆ ಊದುಬತ್ತಿಯ ಹೊಗೆ ಇದೆ. ಸ್ನಾನ ಮಾಡಿ, ಬಟ್ಟೆ ಬದಲಿಸಿ ಬರುತ್ತೇನೆ.”

ಅವರು ಓದಿದರು. ನನ್ನನ್ನು ನೋಡಿದರು, ಇನ್ನೊಂದು ಸಲ ಓದಿದರು. ಆಮೇಲೆ ತೋಳಿನ ಮೇಲೆ ಮೆಲ್ಲಗೆ ಹೊಡೆದು ನಗತೊಡಗಿದರು. ಸೆಂಟು ಹಾಕಿಕೊಂಡು, ಸೊಳ್ಳೆಯ ಕ್ರೀಮು ಬಳಿದುಕೊಂಡು ಬರುವವರನ್ನು ಬಾಗಿಲಲ್ಲಿ ತಡೆದು ತಡೆದು ಅವರಿಗೆ ಸಾಕಾಗಿತ್ತಂತೆ. ಫೋನು ಪುಸ್ತಕದ ಕನ್ನಡದಲ್ಲಿ ಕೇಳಿತು: “ನೀವು ಹುಳುಗಳ ಮನೆಯ ಮಗಳೇ?”

“ಹೌದು,” ಅಂದೆ.

ತಲೆಗೆ ಸ್ನಾನ ಮಾಡಿ ಬಂದ ಮೇಲೆ ನಾವು ಮಾತಾಡಲೇ ಇಲ್ಲ, ಬೇಕಾಗಲಿಲ್ಲ. ಅವರು ಸೊಪ್ಪಿನ ಕಡ್ಡಿ ಹರಡಿದರು, ನಾನು ಇನ್ನೊಂದು ತುದಿಯಿಂದ ಹರಡುತ್ತ ಬಂದೆ. ಒಂದು ಕಡೆ ಹುಳುಗಳು ಹಣ್ಣಾಗಿದ್ದವು. ಬೆಳಕಿಗೆ ಹಿಡಿದರೆ ಮೈಯೊಳಗೆ ದ್ರಾಕ್ಷಿಯಂತೆ ಬೆಳಕು ಹಾಯುತ್ತದೆ, ಅಂಥವನ್ನು ಆರಿಸಿ ಗೂಡು ಕಟ್ಟಲು ಬಿಡಬೇಕು. ನಮ್ಮಲ್ಲಿ ಬಿದಿರಿನ ಚಂದ್ರಿಕೆ, ಅವರಲ್ಲಿ ಮರದ ಚೌಕಟ್ಟು. ಆರಿಸುವ ಬೆರಳುಗಳು ಒಂದೇ. ಅಪ್ಪ ಹೋದ ಮೇಲೆ ನಾನು ಹಣ್ಣಾದ ಹುಳು ಮುಟ್ಟಿದ್ದು ಅದೇ ಮೊದಲು. ಅವು ಎಷ್ಟು ತಣ್ಣಗಿರುತ್ತವೆ ಎಂಬುದೂ ಮರೆತುಹೋಗಿತ್ತು.

ಕೆಲಸ ಮುಗಿದ ಮೇಲೆ ಅವರೂ ಕೈತೊಳೆದು ಬಟ್ಟೆ ಬದಲಿಸಿದರು. ನಡುಮನೆಯ ಗೋಡೆಗೆ ಎತ್ತರದಲ್ಲಿ ಒಂದು ಹಲಗೆ. ಅದರ ಮೇಲೆ ಅವರ ಗಂಡನ ಫೋಟೋ, ಬಾಳೆಹಣ್ಣು, ಒಂದು ಲೋಟ ಕರಿ ಕಾಫಿ, ಊದುಬತ್ತಿಯ ಬಟ್ಟಲು. ಅವರು ಕಡ್ಡಿಗಳನ್ನು ಹಚ್ಚಿ ಸಿಕ್ಕಿಸಿದರು. ಶೆಡ್ಡು ಅಲ್ಲಿಂದ ಕೂಗಳತೆಯ ದೂರ ಕೂಡ ಇರಲಿಲ್ಲ. ನಾನು ಕಿಟಕಿಯ ಕಡೆ ನೋಡಿದ್ದನ್ನು ಗಮನಿಸಿ ಫೋನಿಗೆ ಏನೋ ಹೇಳಿದರು. ಅದು ಓದಿತು: “ಸತ್ತವರು ಮನೆಯಲ್ಲಿ. ಹುಳುಗಳು ತೋಟದಲ್ಲಿ. ಅವರ ನಡುವೆ ಜಗಳವಿಲ್ಲ.” ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು: “ನಿಮಗೂ ಯಾರಾದರೂ ಇದ್ದಾರೆಯೇ?”

ನನ್ನ ಫೋನಿನಲ್ಲಿ ಅಪ್ಪನ ಚಿತ್ರ ತೆಗೆದು ತೋರಿಸಿದೆ. ಹೊಸ ಶೆಡ್ಡಿನ ಮುಂದೆ, ತಲೆಯ ಮೇಲೆ ಸೊಪ್ಪಿನ ಹೊರೆ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತ ಅಪ್ಪ. ಅವರು ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು, ಹಲಗೆಯ ಮೇಲೆ ತಮ್ಮ ಗಂಡನ ಪಕ್ಕಕ್ಕೆ ಒರಗಿಸಿಟ್ಟರು. ಅಡುಗೆಮನೆಗೆ ಹೋಗಿ ಇನ್ನೊಂದು ಲೋಟ ಕಾಫಿ ತಂದು ಅಪ್ಪನ ಮುಂದೆ ಇಟ್ಟರು. ನಾನು ಸೀರೆತುಂಡು ಬಿಚ್ಚಿ ಪೊಟ್ಟಣ ತೆಗೆದೆ. ಅವರು ಬೆಂಕಿಪೊಟ್ಟಣ ಚಾಚಿದರು.

ಅದೇ ಹೊತ್ತಿಗೆ ಫೋನು ಬಡಿದುಕೊಂಡಿತು. ದಿನಾ ಸಂಜೆ ಅಮ್ಮ ವಿಡಿಯೋ ಕರೆ ಮಾಡುವ ಹೊತ್ತು. ಗಾಬರಿಯಲ್ಲಿ ಒತ್ತಿದೆ. ಅಪ್ಪ ಇದ್ದ ಜಾಗದಲ್ಲಿ ಅಮ್ಮ ಬಂದಳು, ಸುತ್ತಲೂ ಹೊಗೆ.

“ಏನೇ ಅದು ಹೊಗೆ? ಎಲ್ಲಿದ್ದೀಯ? ಬೆಂಕಿ ಬಿತ್ತಾ?”

“ಇಲ್ಲಮ್ಮ. ಊದುಬತ್ತಿ.” ಫೋನು ಕೈಗೆ ತೆಗೆದುಕೊಂಡೆ.

“ಹುಳು ಮನೆಗೆ ಹೋಗ್ತೀನಿ ಅಂದಿದ್ದೆ?”

“ಹುಳು ಮನೆಯೇ. ಹುಳು ಶೆಡ್ಡಲ್ಲಿವೆ. ಇದು ಮನೆ.”

ಅಮ್ಮನ ಹಿಂದೆ ನಮ್ಮ ಪಡಸಾಲೆಯ ಗೋಡೆ ಕಾಣುತ್ತಿತ್ತು.

“ಶೆಡ್ಡು ಎಷ್ಟು ದೂರ?”

“ನಮ್ಮದಕ್ಕಿಂತ ಹತ್ತಿರ.”

“ಗೂಡು ಕಟ್ತವಾ?”

“ಕಟ್ತವಮ್ಮ. ಚೆನ್ನಾಗೇ ಕಟ್ತವೆ. ಈಗ ತಾನೆ ಆರಿಸಿ ಬಂದೆ.”

“ಸ್ನಾನ ಮಾಡಿ ಮುಟ್ಟಿದ್ಯಾ?”

“ಹೂಂ.”

ಯಜಮಾನಿ ಅಷ್ಟರಲ್ಲಿ ನನ್ನ ಭುಜದ ಹಿಂದಿನಿಂದ ಇಣುಕಿ, ತಮ್ಮ ಫೋನನ್ನು ಪರದೆಯ ಹತ್ತಿರ ಹಿಡಿದರು. ಅದು ಗಂಭೀರವಾಗಿ ಕೇಳಿತು: “ತಾಯಿಯವರೇ, ನಿಮ್ಮ ಹುಳುಗಳು ಕ್ಷೇಮವೇ?”

“ಇದ್ಯಾರೇ, ರೇಡಿಯೋದಲ್ಲಿ ವಾರ್ತೆ ಓದೋ ಥರ?” ಅಮ್ಮನಿಗೆ ನಗು ಬಂತು. ಎಷ್ಟೋ ದಿನದ ಮೇಲೆ ಕೇಳಿದ ನಗು. “ಕ್ಷೇಮ ಕ್ಷೇಮ ಅನ್ನು. ನಾಳೆ ನಾಡಿದ್ದರಲ್ಲಿ ಜ್ವರಕ್ಕೆ ಕೂರ್ತವೆ ಅನ್ನು.” ಆಮೇಲೆ ದನಿ ತಗ್ಗಿಸಿ ಕೇಳಿದಳು, “ಆ ಫೋಟೋ ಅವರ ಯಜಮಾನ್ರದಾ?”

“ಹೂಂ.”

“ಮುಂದೆ ಏನದು ಲೋಟ?”

“ಕಾಫಿ. ದಿನಾ ಇಡ್ತಾರಂತೆ.”

“ಎರಡಿವೆ?”

“ಇನ್ನೊಂದು ಅಪ್ಪಂದು.”

ಅಮ್ಮನ ಫೋನು ಸ್ವಲ್ಪ ವಾಲಿತು. ಸ್ವಲ್ಪ ಹೊತ್ತು ಸೂರು ಮಾತ್ರ ಕಂಡಿತು. ಮತ್ತೆ ಮುಖ ಬಂದಾಗ ಸೆರಗು ಕೈಯಲ್ಲಿತ್ತು.

“ನಿಮ್ಮಪ್ಪಂಗೆ ಕರೀ ಕಾಫಿ ಆಗಲ್ಲ ಕಣೇ. ಹಾಲು ಜಾಸ್ತಿ ಬೇಕು.”

“ಗೊತ್ತಮ್ಮ.”

“ಹಚ್ಚಿದ್ಯಾ?”

“ಇಲ್ಲ.”

“ಅಷ್ಟು ಗುಡಿ ಸುತ್ತಿದ್ಯಲ್ಲ, ಒಂದರಲ್ಲೂ ಹಚ್ಲಿಲ್ವಾ?”

“ಆಗ್ಲಿಲ್ಲಮ್ಮ.”

ಯಾಕೆ ಎಂದು ಅವಳು ಕೇಳಲಿಲ್ಲ. “ಸರಿ, ಹಚ್ಬೇಡ,” ಅಂದಳು. “ಪೊಟ್ಟಣ ವಾಪಸ್ ತಗೊಂಡು ಬಾ. ಮನೇಲಿ ನಾನೇ ಹಚ್ತೀನಿ.”

ಪೊಟ್ಟಣ ಮತ್ತೆ ಸೀರೆತುಂಡಿನೊಳಗೆ ಹೋಯಿತು. ಯಜಮಾನಿಗೆ ಏನರ್ಥವಾಯಿತೋ, ಬೆಂಕಿಪೊಟ್ಟಣವನ್ನು ಜೇಬಿಗೆ ಹಾಕಿಕೊಂಡು ನನ್ನ ತಲೆ ಸವರಿದರು. ಊಟಕ್ಕೆ ಒಂದು ತಟ್ಟೆ ತುಂಬ ಹುರಿದ ರೇಷ್ಮೆಹುಳುವಿನ ಕೋಶ ತಂದಿಟ್ಟರು; ಗೂಡಿನ ನೂಲು ಬಿಚ್ಚಿದ ಮೇಲೆ ಒಳಗೆ ಉಳಿಯುವ ಹುಳು, ಅಲ್ಲಿಯ ಜನಕ್ಕೆ ಪ್ರೀತಿಯ ತಿನಿಸು. ಇಷ್ಟು ಹೊತ್ತು ಮನೆಮಗಳಂತಿದ್ದ ನಾನು ಆಗ ಪರದೇಶಿಯಾದೆ. ಅವರು ಮತ್ತೆ ನಕ್ಕು ಮೊಟ್ಟೆ ಹುರಿದುಕೊಟ್ಟರು.

ಮರುದಿನ ಬೆಳಿಗ್ಗೆ ಅವರು ಸೊಪ್ಪು ಕೊಯ್ಯಲು ಹೋದ ಮೇಲೆ ನಾನು ಹಿಪ್ಪುನೇರಳೆ ಸಾಲುಗಳ ನಡುವೆ ಗುಡ್ಡದ ಮೇಲಿನವರೆಗೆ ನಡೆದೆ. ಗಿಡಗಳು ನನಗಿಂತ ಎತ್ತರವಿದ್ದವು. ಅಲ್ಲಿ ಕೂತು ಸಾಕಾಗುವಷ್ಟು ಅತ್ತೆ. ಯಾರೂ ಏನೂ ಕೇಳಲಿಲ್ಲ. ಉಳಿದ ದಿನಗಳಲ್ಲಿ ಇನ್ನೂ ಎರಡು ದೇವಾಲಯಗಳಿಗೆ ಹೋದೆ. ಅಂಗಳದ ಹಂಡೆಯ ಮುಂದೆ ಕೆಲಸವಿಲ್ಲದವಳಂತೆ ಆರಾಮಾಗಿ ನಿಂತು ಹೊಗೆ ನೋಡಿದೆ.

ಊರು ಮುಟ್ಟಿದಾಗ ಬೆಳಗಿನ ಹೊತ್ತು. ದೊಡ್ಡಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. “ಬಂದ್ಲಪ್ಪ ದೇಶ ಸುತ್ತಿ. ಮಾತಾಡೋದೇನಾದ್ರೂ ಕಲ್ತ್ಕೊಂಡು ಬಂದ್ಯಾ?” ಅಂದರು. ಅಮ್ಮ ನನ್ನ ಚೀಲ ಇಳಿಸಿಕೊಂಡಳು. ಪಕ್ಕದ ಜೇಬಿಗೆ ಕೈ ಹಾಕಿ ಪೊಟ್ಟಣ ತೆಗೆದು, ಅಂಗಳಕ್ಕೆ ಹೋದಳು. ಅಲ್ಲಿ ನಿಂತು ಒದ್ದೆ ಬೆರಳು ಎತ್ತಿ ಹಿಡಿದಳು.

“ಗಾಳಿ ಆ ಕಡೆಗಿದೆ,” ಅಂದಳು, ಶೆಡ್ಡಿಗೆ ಬೆನ್ನು ಮಾಡಿ. ಹುಳು ಶೆಡ್ಡಿನ ತುಂಬ ಇದ್ದವು; ಅವುಗಳ ಮಾತು ಅವಳು ಎತ್ತಲಿಲ್ಲ.

ಒಳಗೆ ಬಂದು ಹಚ್ಚಹೋದರೆ ಬತ್ತಿಗಳು ತೇವ ಹಿಡಿದಿದ್ದವು. ಮೊದಲನೆಯದು ಹತ್ತಲಿಲ್ಲ, ಎರಡನೆಯದು ಕೆಂಪಾಗಿ ಆರಿತು. ಅಮ್ಮ ಅವಸರ ಮಾಡಲಿಲ್ಲ, ಒಲೆಯ ಪಕ್ಕ ಸ್ವಲ್ಪ ಹೊತ್ತು ಇಟ್ಟು ಬೆಚ್ಚಗೆ ಮಾಡಿ ತಂದಳು. ಈ ಸಲ ಹೊಗೆ ಎದ್ದಿತು. ಅಪ್ಪನ ಫೋಟೋ ಮುಂದೆ ಬಾಳೆಹಣ್ಣಿಗೆ ಸಿಕ್ಕಿಸಿ, ಹಾಲು ಜಾಸ್ತಿ ಹಾಕಿದ ಕಾಫಿಯ ಲೋಟ ಇಟ್ಟಳು. ದೊಡ್ಡಮ್ಮ ಬಾಗಿಲಲ್ಲಿ ಬಂದು ನಿಂತರು.

“ಬೀಡಿ ಅಲ್ಲ, ಊದುಬತ್ತಿ,” ಅಂದಳು ಅಮ್ಮ ಫೋಟೋಗೆ. “ಕೋಪ ಮಾಡ್ಕೊಬೇಡಿ. ಕಿಟಕಿ ತೆಗ್ದಿದ್ದೀನಿ.”

ಕಡ್ಡಿ ಪೂರ್ತಿ ಉರಿಯುವವರೆಗೆ ನಾವು ಅಲ್ಲೇ ಕೂತಿದ್ದೆವು. ಆಮೇಲೆ ಅಮ್ಮ ಎದ್ದು, ನೀರು ಕಾಯಲು ಉರಿ ಹಾಕಿದಳು.

“ಸೊಪ್ಪು ಹಾಕೋ ಹೊತ್ತಾಯ್ತು. ತಲೆಗೂ ಸ್ನಾನ ಮಾಡು,” ಅಂದಳು. “ಮೊದ್ಲು ನೀನು ಹೋಗು, ಆಮೇಲೆ ನಾನು.”